ಅಟ್ಟದ ಮೇಲಿನ ವಿಂಗಡಣೆ

ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಕೂತ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮೂರರಲ್ಲಿ ಒಂದು ಉತ್ತರ ಬರುತ್ತದೆ. ನೀರು ಕುಲುಕಿದರೆ ಕಾಯಿ ಇನ್ನೂ ಹಸಿ. ಏನೂ ಕೇಳಿಸದಿದ್ದರೆ ನೀರು ಇಂಗಿದೆ, ತಿರುಳು ಮಾತ್ರ ಚಿಪ್ಪು ಬಿಟ್ಟಿಲ್ಲ. ಒಳಗೆ ಒಂದು ಗುಂಡು ಉರುಳಿ ಗೋಡೆಗೆ ತಗುಲಿದಂತೆ ಗಟಗಟ ಎಂದರೆ ಅದು ಕೊಬ್ಬರಿಯಾಗಿದೆ, ಕೆಳಗಿಳಿಸಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಮನೆಗಳಲ್ಲಿ ಇದಕ್ಕೆ ಯಾರೂ ಸಂಶೋಧನೆ ಎನ್ನುವುದಿಲ್ಲ. ಆದರೆ ಕಾಣದ ಒಳಗನ್ನು ಹೊರಗಿನ ಒಂದು ಗುರುತಿನಿಂದ ತಿಳಿದು, ತಿಳಿದದ್ದರ ಮೇಲೆ ಬೇರೆ ಬೇರೆ ರಾಶಿ ಹಾಕುವುದು ಎಲ್ಲ ಶಾಸ್ತ್ರಗಳ ಮೊದಲ ಹೆಜ್ಜೆ. ಈ ಮೂರು ತಾಲ್ಲೂಕುಗಳ ನೆಲವನ್ನೂ ಬೆಳೆಯನ್ನೂ ಗುಡಿಯನ್ನೂ ಮಾತನ್ನೂ ಕುರಿತು ಇನ್ನೂರು ವರ್ಷಗಳಿಂದ ನಡೆದ ವಿದ್ವತ್ತಿನ ಕೆಲಸವನ್ನು ಈ ಹೆಜ್ಜೆಯ ಇತಿಹಾಸವಾಗಿಯೇ ಓದಬೇಕು ಎಂಬುದು ನನ್ನ ವಾದ. ಕಲೆ, ಮಾಹಿತಿ, ಭೌತ ವಿಜ್ಞಾನ ಎಂದು ಇಂದು ಬೇರೆ ಬೇರೆ ಕಟ್ಟಡಗಳಲ್ಲಿ ಕೂತಿರುವ ವಿದ್ಯೆಗಳು ಈ ಸೀಮೆಗೆ ಬಂದಾಗ ಬರಿಗೈಯಲ್ಲಿ ಬಂದವು. ಇಲ್ಲಿನವರು ಆಗಲೇ ಮಾಡಿಟ್ಟಿದ್ದ ವಿಂಗಡಣೆಯ ಮೇಲೆ ತಮ್ಮ ವಿಂಗಡಣೆಯನ್ನು ಹೂಡಿದವು. ಎಲ್ಲಿ ಅವೆರಡೂ ಹೊಂದಿದವೋ ಅಲ್ಲಿ ಜ್ಞಾನ ಬೆಳೆಯಿತು, ಎಲ್ಲಿ ಹೊಂದಲಿಲ್ಲವೋ ಅಲ್ಲಿ ಜಗಳ ಉಳಿಯಿತು.

ಮೊದಲು ಕೊಬ್ಬರಿಯನ್ನೇ ನೋಡಬಹುದು. ತೆಂಗು ಕಡಲ ಅಂಚಿನ ಮರ ಎಂಬುದು ಪುಸ್ತಕದ ಮಾತು. ಸಮುದ್ರಮಟ್ಟದಿಂದ ಆರು ನೂರು ಮೀಟರ್ ಒಳಗೆ ಅದು ಚೆನ್ನಾಗಿ ಬರುತ್ತದೆ ಎಂದು ಕೃಷಿಯ ಪಾಠಗಳು ಹೇಳುತ್ತವೆ. ತಿಪಟೂರು ಇರುವುದು ಸುಮಾರು 850 ಮೀಟರ್ ಎತ್ತರದಲ್ಲಿ, ವರ್ಷಕ್ಕೆ 600ರಿಂದ 700 ಮಿಲಿಮೀಟರ್ ಮಳೆ ಬೀಳುವ ಬಯಲಿನಲ್ಲಿ. ಕರಾವಳಿಯ ಕಾಸರಗೋಡಿನ ಮಳೆ ಇದರ ನಾಲ್ಕು ಪಟ್ಟು ಮೀರುತ್ತದೆ. ಕೊರತೆಯಂತೆ ಕಾಣುವ ಈ ಒಣಹವೆಯೇ ಇಲ್ಲಿನ ಕಸುಬಿನ ಬಂಡವಾಳ. ಹಸಿ ತಿರುಳಿನಲ್ಲಿ ಅರ್ಧದಷ್ಟು ನೀರಿರುತ್ತದೆ, ಒಳ್ಳೆಯ ಕೊಬ್ಬರಿಯಲ್ಲಿ ಅದು ನೂರಕ್ಕೆ ಆರೇಳು ಭಾಗಕ್ಕೆ ಇಳಿಯಬೇಕು. ಕರಾವಳಿಯವರು ಬಹುಪಾಲು ಕಾಯಿಯನ್ನು ಒಡೆದು ಬಿಸಿಲಿಗೋ ಹೊಗೆಗೂಡಿಗೋ ಹಾಕಿ ನಾಲ್ಕಾರು ದಿನದಲ್ಲಿ ಆ ನೀರನ್ನು ತೆಗೆಯುತ್ತಾರೆ. ಆ ಕೊಬ್ಬರಿ ಗಾಣಕ್ಕೆ ಹೋಗುತ್ತದೆ. ಇಲ್ಲಿ ಕಾಯಿ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೇರುತ್ತದೆ, ತಿಂಗಳುಗಟ್ಟಲೆ ಗಾಳಿ ಅದರ ನೀರನ್ನು ಚಿಪ್ಪಿನ ಮೂಲಕವೇ ಮೆಲ್ಲಗೆ ಎಳೆಯುತ್ತದೆ, ತಿರುಳು ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಂಡು ಇಡಿಯಾಗಿ ಉಂಡೆಯಾಗುತ್ತದೆ. ಆಮೇಲೆ ಸಿಪ್ಪೆ ಸುಲಿದು, ಒಳಗಿನ ಉಂಡೆಗೆ ಗಾಯವಾಗದಂತೆ ಚಿಪ್ಪು ತಟ್ಟಿ ತೆಗೆಯುತ್ತಾರೆ. ಉತ್ತರ ಭಾರತದ ಹಬ್ಬಗಳಿಗೆ, ಮದುವೆಗಳಿಗೆ, ಸಿಹಿಯಂಗಡಿಗಳಿಗೆ ಹೋಗುವುದು ಈ ಉಂಡೆ ಕೊಬ್ಬರಿ. ಇದು ಇಲ್ಲಿ ಮಾತ್ರ ಆಗುತ್ತದೆಂಬ ಹೆಮ್ಮೆಯ ಮಾತನ್ನು ನಂಬಬೇಕಿಲ್ಲ, ಕೇರಳದ ವಡಕರದ ಮಾರುಕಟ್ಟೆಯಲ್ಲೂ ಉಂಡೆ ಕೊಬ್ಬರಿಗೆ ಹೆಸರಿದೆ. ಆದರೆ ಒಂದು ಇಡೀ ಸೀಮೆ ಎಣ್ಣೆಯನ್ನು ಬಿಟ್ಟು ಉಂಡೆಯ ಮೇಲೆ ಬದುಕು ಕಟ್ಟಿಕೊಂಡದ್ದು ಇಲ್ಲಿ. ಎಣ್ಣೆ ಕೊಬ್ಬರಿಗೆ ಒಂದೆರಡು ದರ್ಜೆ ಸಾಕು, ಹೇಗೂ ಅರೆದುಹೋಗುವ ಸರಕು. ಉಂಡೆ ಕೊಬ್ಬರಿಯನ್ನು ಕೊಳ್ಳುವವನು ಕಣ್ಣಿನಿಂದ ನೋಡಿ, ಕಚ್ಚಿ, ಕೌಟು ಇದೆಯೇ ಎಂದು ಮೂಸಿ ಕೊಳ್ಳುತ್ತಾನೆ. ಗಾತ್ರ, ಬಣ್ಣ, ಸುಕ್ಕು, ವಾಸನೆ ಎಂದು ಅದಕ್ಕೆ ನೂರು ಪರೀಕ್ಷೆ. ಈ ಸೀಮೆಯವರ ಕೈಗೆ ವಿಂಗಡಣೆ ಹತ್ತಿದ್ದು ಆ ದಾರಿಯಲ್ಲಿ.

ಈ ತಿಳಿವು ಕಾಗದಕ್ಕೆ ಇಳಿಯಲು ತೊಡಗಿದ್ದು ಟಿಪ್ಪು ಬಿದ್ದ ಮರುವರ್ಷ. 1800ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕನನ್ ಚಿಕ್ಕನಾಯಕನಹಳ್ಳಿಯ ಮೇಲೆ ಹಾದುಹೋದ. ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಾಗಿ ಬಂತು. ಅವನು ವೈದ್ಯ, ಸಸ್ಯಶಾಸ್ತ್ರ ಬಲ್ಲವನು, ಆದರೂ ಪುಸ್ತಕದ ತೂಕ ಇರುವುದು ಅವನ ಕಣ್ಣಿಗಿಂತ ಹೆಚ್ಚಾಗಿ ಅವನ ಪ್ರಶ್ನೆಗಳಲ್ಲಿ. ಊರೂರಿನಲ್ಲಿ ಬೇಸಾಯಗಾರರನ್ನೂ ವರ್ತಕರನ್ನೂ ಕೂರಿಸಿಕೊಂಡು ಕೇಳಿ ಬರೆದುಕೊಂಡ. ಆ ಶತಮಾನದ ಕೊನೆಗೆ ಬಿ. ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲಿ ತೆಂಗಿನ ಭಾಗ ತೆರೆದರೆ ನಾಲ್ಕು ಬಗೆ ಕಾಣುತ್ತವೆ: ಕೆಂಪು, ಹಸಿರು ಬೆರೆತ ಕೆಂಪು, ತಿಳಿಹಸಿರು, ಕಡುಹಸಿರು. ಮಣ್ಣಿನ ಮಾತು ಬಂದಾಗ ಇಂಗ್ಲಿಷಿನ ನಡುವೆ ಎರೆ, ಕೆಬ್ಬೆ ಎಂಬ ಪದಗಳು ಹಾಗೆಯೇ ಕೂತಿವೆ. ಬರೆದವನ ಭಾಷೆಯಲ್ಲಿ ಅವಕ್ಕೆ ಸಾಟಿ ಸಿಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಗೆಜೆಟಿಯರು ಬಳಸಿದ ವರ್ಗಗಳು ಬಣ್ಣ ನೋಡಿ ಕಾಯಿಯನ್ನೂ, ಹಿಡಿದು ನೋಡಿ ಮಣ್ಣನ್ನೂ ಬೇರ್ಪಡಿಸಿದ ರೈತನವೇ.

ತೋಟಗಾರಿಕೆಯ ವಿಜ್ಞಾನ ಈ ವರ್ಗಗಳನ್ನು ಏನು ಮಾಡಿತು ಎಂಬುದು ಇನ್ನೂ ಸ್ವಾರಸ್ಯ. 1916ರಲ್ಲಿ ಮದರಾಸು ಸರ್ಕಾರ ಕಾಸರಗೋಡಿನಲ್ಲಿ, ಅಂದರೆ ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ತೆಂಗಿನ ಸಂಶೋಧನಾ ಕೇಂದ್ರ ತೆರೆಯಿತು. 1970ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಅದರ ನೆರೆಯ ನೀಲೇಶ್ವರದಲ್ಲಿ 1930ರ ದಶಕದಲ್ಲಿ ಎತ್ತರದ ಮರವನ್ನೂ ಗಿಡ್ಡ ಮರವನ್ನೂ ಕೂಡಿಸಿ, ಮಿಶ್ರತಳಿಯಲ್ಲಿ ಹುರುಪು ಹೆಚ್ಚುತ್ತದೆಂದು ಜೆ. ಎಸ್. ಪಟೇಲ್ ತೋರಿಸಿದರು. ಈ ಕೂಡಿಕೆಯ ಸಸಿಮಡಿಯಲ್ಲಿ ಒಂದು ತೊಡಕಿದೆ: ಮೊಳೆತ ನೂರು ಸಸಿಗಳಲ್ಲಿ ನಿಜವಾಗಿ ಮಿಶ್ರವಾದವು ಯಾವುವು? ಕೆಂಪು ಗಿಡ್ಡ ತಳಿಯನ್ನು ತಾಯಿಯಾಗಿ ಇಟ್ಟರೆ ಉತ್ತರ ಎಲೆಯ ತೊಟ್ಟಿನ ಬಣ್ಣದಲ್ಲಿ ಸಿಗುತ್ತದೆ. ತಾಯಿಯ ಬಣ್ಣವನ್ನೇ ಹೊತ್ತ ಸಸಿ ಕಿತ್ತೆಸೆಯಲು, ಬಣ್ಣ ಬದಲಿಸಿದ್ದು ನೆಡಲು. ಕಾಯಿಯ ಬಣ್ಣ ನೋಡಿ ಕುಲ ಹೇಳುತ್ತಿದ್ದವನ ವಿಧಾನವೇ ತಳಿವಿಜ್ಞಾನದ ಕೈಯಲ್ಲಿ ಪರೀಕ್ಷೆಯಾಗಿ ಮರಳಿ ಬಂತು. ಇತ್ತ ಅರಸೀಕೆರೆಯ ಕೇಂದ್ರ ಈ ಸೀಮೆಯ ಎತ್ತರದ ಮರವನ್ನೇ ಹಿಡಿದು ಕೆಲಸ ಮಾಡಿತು. ವಿಜ್ಞಾನಿಗಳ ದಾಖಲೆಯಲ್ಲಿ ಆ ಮರದ ಹೆಸರು ತಿಪಟೂರು ಟಾಲ್. ಅದರಿಂದ ಆಯ್ದ ತಳಿ ‘ಕಲ್ಪತರು’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು, ಶಿಫಾರಸಿನಲ್ಲಿ ಅದರ ಗುಣ ಬರೆದದ್ದು ಉಂಡೆ ಕೊಬ್ಬರಿಗೆ ಒಗ್ಗುತ್ತದೆ, ಬರ ತಡೆಯುತ್ತದೆ ಎಂದು. ಅಟ್ಟದ ಅಳತೆಗೋಲು ಪ್ರಯೋಗಾಲಯದ ಅಳತೆಗೋಲಾಯಿತು ಎನ್ನಲು ಅಡ್ಡಿಯಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಲೇಬೇಕು. ಬೆಲೆಗಾಗಿ ರಾಶಿ ಮಾಡುವುದಕ್ಕೂ ಕಾರಣ ಹುಡುಕುವುದಕ್ಕೂ ಅಜಗಜಾಂತರ, ಹಳ್ಳಿಯ ಜಾಣತನವನ್ನೆಲ್ಲ ಸಂಶೋಧನೆ ಎಂದು ಕರೆದರೆ ಎರಡೂ ಪದಗಳು ಕೆಡುತ್ತವೆ ಎಂದು. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಅದಕ್ಕೆ ಪುರಾವೆಯೂ ಈ ಸೀಮೆಯಲ್ಲೇ ಇದೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಒಂದೆರಡು ವರ್ಷದಲ್ಲಿ ಇಲ್ಲಿಗೂ ಹಬ್ಬಿತು. ಎಳೆಗಾಯಿಯ ತೊಟ್ಟಿನ ತೊಪ್ಪಿಯಡಿ ಕೂತು ರಸ ಹೀರುವ ಆ ಜೀವಿ ಮಿಲಿಮೀಟರಿನ ಐದರಲ್ಲೊಂದು ಭಾಗದಷ್ಟು ಉದ್ದ. ಬರಿಗಣ್ಣಿಗೆ ಕಾಣುವುದು ಅದು ಹೋದ ಮೇಲೆ ಉಳಿದ ಕಂದು ಕಲೆ, ಬಿರುಕು, ಕುಗ್ಗಿದ ಕಾಯಿ. ಬುಡದಲ್ಲಿ ಅಣಬೆ ಏಳುವ ಹೊತ್ತಿಗೆ ಅಣಬೆ ರೋಗ ಮರದ ಒಳಗನ್ನು ಮುಗಿಸಿರುತ್ತದೆ. ಕಣ್ಣು, ಕಿವಿ, ಮೂಗುಗಳ ವಿಂಗಡಣೆ ಅವುಗಳ ಎಟುಕಿನಲ್ಲಿರುವುದನ್ನು ಮಾತ್ರ ಹಿಡಿಯುತ್ತದೆ, ಅದರಾಚೆಗೆ ಸೂಕ್ಷ್ಮದರ್ಶಕವೇ ಬೇಕು. ಇಷ್ಟನ್ನು ಒಪ್ಪಿದ ಮೇಲೂ ಉಳಿದರ್ಧ ಉಳಿಯುತ್ತದೆ. ಸೂಕ್ಷ್ಮದರ್ಶಕ ಹಿಡಿದವರು ಯಾವ ತೋಟದಲ್ಲಿ ಯಾವ ಮರ ಎಷ್ಟು ಸೊರಗಿದೆ ಎಂಬ ಪಟ್ಟಿ ಮಾಡಲು ಮೊದಲು ಕೇಳಬೇಕಾದದ್ದು ತೋಟದವನನ್ನೇ. ಕಾರಣದ ಶೋಧಕ್ಕೆ ಬೇಕಾದ ಪ್ರಶ್ನೆ ಹುಟ್ಟುವುದು ‘ಈ ಕಾಯಿ ಆ ಕಾಯಿಯ ಹಾಗಿಲ್ಲ’ ಎಂಬ ಗಮನಿಕೆಯಲ್ಲಿ. ಅದಿಲ್ಲದ ಪ್ರಯೋಗಾಲಯ ಉತ್ತರಗಳ ಅಂಗಡಿ ಮಾತ್ರ.

ಕಲ್ಲಿನ ಕಡೆ ತಿರುಗಿದರೆ ಕತೆ ಇಷ್ಟು ನೇರವಾಗಿಲ್ಲ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣದ ಪದರುಗಲ್ಲುಗಳ ಸಾಲುಗಳನ್ನು ಗುರುತಿಸಿ ‘ಧಾರವಾಡ’ ಎಂಬ ಹೆಸರಿನಡಿ ತಂದ. ಅದರ ಒಂದು ಪಟ್ಟಿಗೆ ಅವನು ಇಟ್ಟ ಹೆಸರು ಡಂಬಳ–ಚಿಕ್ಕನಾಯಕನಹಳ್ಳಿ. ಹಾಗಲವಾಡಿಯ ಪಾಳೆಯಗಾರರ ಕಾಲದ ಒಂದು ಕೋಟೆಯೂರಿನ ಹೆಸರು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯ ಕಲ್ಲಿಗೆ ಅಂಟಿಕೊಂಡು ಭೂವಿಜ್ಞಾನದ ಸಾಹಿತ್ಯಕ್ಕೆ ಸೇರಿತು. ಈಗ ಅದನ್ನು ಶ್ರೀರಂಗಪಟ್ಟಣದ ಕಡೆಯಿಂದ ಗದಗದವರೆಗೆ ಚಾಚಿದ ಚಿತ್ರದುರ್ಗ ಪಟ್ಟಿಯ ಭಾಗವಾಗಿ ಓದುತ್ತಾರೆ. ಚಿತ್ರದುರ್ಗದ ಹೆಸರು ಗೆದ್ದದ್ದಕ್ಕೆ ಚಿಕ್ಕನಾಯಕನಹಳ್ಳಿಯವರು ಬೇಸರಪಟ್ಟ ಸುದ್ದಿಯಿಲ್ಲ. 1894ರಲ್ಲಿ ಮೈಸೂರು ಸರ್ಕಾರ ಭೂವಿಜ್ಞಾನ ಇಲಾಖೆ ತೆರೆದಾಗ ಫೂಟ್‌ನೇ ಅದರ ಮೊದಲ ಮುಖ್ಯಸ್ಥ. ಆದರೆ ಈ ಗುಡ್ಡಗಳಲ್ಲಿ ಕಬ್ಬಿಣದ ಕಲ್ಲಿದೆ ಎಂದು ಹೇಳಲು ಇಲಾಖೆ ಬೇಕಿರಲಿಲ್ಲ. ಹಳೆಯ ಮೈಸೂರಿನ ಕುಲುಮೆಗಳು ಇಂಥ ಗುಡ್ಡಗಳ ಅದಿರನ್ನೇ ಕರಗಿಸುತ್ತಿದ್ದವು, ಬಣ್ಣದಿಂದ, ತೂಕದಿಂದ ಕಲ್ಲು ಆಯುವ ಕೈ ಅಲ್ಲಿಯೂ ಇತ್ತು. ಇಲಾಖೆ ತಂದದ್ದು ನಕ್ಷೆ. ಕುಲುಮೆಯವನು ತನ್ನ ಗುಡ್ಡ ಬಲ್ಲ, ಈ ಗುಡ್ಡವೂ ಡಂಬಳದ ಗುಡ್ಡವೂ ಒಂದೇ ಪಟ್ಟಿಯವು ಎಂದು ಅವನಿಗೆ ತಿಳಿಯುವ ದಾರಿಯಿರಲಿಲ್ಲ. ದೂರದವನ್ನು ಹೋಲಿಸಿ ಕೂಡಿಸುವ ಈ ಶಕ್ತಿಯೇ ಶಾಸ್ತ್ರದ ನಿಜವಾದ ಲಾಭ, ಅದನ್ನು ಕಡಿಮೆ ಮಾಡಿ ಹೇಳುವುದು ಸಲ್ಲ.

ಲಾಭದ ಜೊತೆಗೆ ಬಂದ ಜಗಳವನ್ನೂ ಹೇಳಬೇಕು. ನಕ್ಷೆಯ ಮೇಲೆ ಅದಿರು ಎಂದು ಗುರುತಾದ ಗುಡ್ಡದ ತಪ್ಪಲು ರೈತನ ಲೆಕ್ಕದಲ್ಲಿ ತೋಟಕ್ಕೆ ನೀರು ಇಳಿದು ಬರುವ ಜಾಗ. ಒಂದೇ ನೆಲ ಎರಡು ಪಟ್ಟಿಗಳಲ್ಲಿ ಎರಡು ಹೆಸರು ಪಡೆದಿತ್ತು. ಗಣಿಗಾರಿಕೆ ಏರಿದ ವರ್ಷಗಳಲ್ಲಿ ಲಾರಿಗಳ ಕೆಂಧೂಳು ಗರಿಗಳ ಮೇಲೆ ಕೂತಾಗ ಆ ಎರಡು ಹೆಸರುಗಳು ಎದುರುಬದುರಾದವು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಳನ್ನು ನಿಲ್ಲಿಸಿತು. ಕೇಂದ್ರೀಯ ಉನ್ನತಾಧಿಕಾರ ಸಮಿತಿ ಸಮೀಕ್ಷೆ ಮಾಡಿ ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿತು, 2013ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಸಿ ವರ್ಗದ ಗುತ್ತಿಗೆಗಳ ರದ್ದತಿಯನ್ನು ಎತ್ತಿಹಿಡಿಯಿತು. ಅಲ್ಲೂ ವಿಂಗಡಣೆಯೇ ತೀರ್ಪಾಯಿತು. ಆ ವರ್ಗೀಕರಣದ ಅಳತೆಯಲ್ಲಿ ಗುತ್ತಿಗೆಯ ಗಡಿ ಮೀರಿ ಎಷ್ಟು ಅಗೆದರೆಂಬ ಲೆಕ್ಕ ಮುಖ್ಯವಾಗಿತ್ತು, ತಪ್ಪಲಿನ ತೋಟದ ಇಳುವರಿಗೆ ಅದರಲ್ಲಿ ಕಾಲಂ ಇರಲಿಲ್ಲ. ಏನನ್ನು ಅಳೆಯಬೇಕೆಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ವರ್ಗೀಕರಣದ ಒಳಗೇ ಅಡಗಿರುತ್ತದೆ.

ಮಾಹಿತಿ ವಿಜ್ಞಾನ ಎಂಬ ಹೆಸರು ಹೊಸದು, ಕೆಲಸ ಹಳೆಯದು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ 895ರ ಕನ್ನಡ ಶಾಸನವಿದೆ, ಗುಡಿ ಗಂಗ–ನೊಳಂಬರ ಕಾಲದ್ದು. ಮಂಟಪದ ನಡುವೆ ನಿಂತು ತಲೆಯೆತ್ತಿದರೆ ಚಾವಣಿಯ ಮಧ್ಯದಲ್ಲಿ ಕುಣಿಯುವ ಶಿವ, ಸುತ್ತ ಎಂಟು ಚೌಕಗಳಲ್ಲಿ ಎಂಟು ದಿಕ್ಪಾಲಕರು. ಆನೆಯ ಮೇಲಿನವನು ಇಂದ್ರ, ಕೋಣದ ಮೇಲಿನವನು ಯಮ, ಮಕರದ ಮೇಲಿನವನು ವರುಣ. ಮುಖ ನೋಡಿ ಗುರುತಿಸಬೇಕಿಲ್ಲ, ವಾಹನ ಹೇಳುತ್ತದೆ. ವಾಹನ ಸವೆದಿದ್ದರೂ ಚಿಂತೆಯಿಲ್ಲ, ದಿಕ್ಕು ಹೇಳುತ್ತದೆ. ಇಡುವ ಜಾಗವೇ ಹೆಸರಾಗುವ ಈ ಏರ್ಪಾಡನ್ನು ಗ್ರಂಥಾಲಯದವರು ಸೂಚಿ ಎನ್ನುತ್ತಾರೆ. ಅದೇ ಊರಿನ ಹೊಯ್ಸಳರ ಕಾಲದ ಚೆನ್ನಕೇಶವ ಗುಡಿಯಲ್ಲಿ ಶಿಲ್ಪಿ ಹೊನ್ನೋಜ ತಾನು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೆತ್ತಿದ. ಯಾರ ಕೆಲಸ ಯಾವುದು ಎಂದು ಇಂದಿನ ಕಲಾ ಇತಿಹಾಸಕಾರ ಬೇರ್ಪಡಿಸುವುದು ಆ ಕೆಲವು ಅಕ್ಷರಗಳ ಬಲದ ಮೇಲೆ. ಅಕ್ಷರ ಮೊದಲೇ ಅಲ್ಲಿತ್ತು, ವಿದ್ವಾಂಸ ಆಮೇಲೆ ಬಂದ.

ಇಂಥ ಅಕ್ಷರಗಳನ್ನೆಲ್ಲ ಒಂದು ಕಡೆ ತಂದವನು ಮತ್ತೆ ರೈಸನೇ. ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟ, ತುಮಕೂರು ಜಿಲ್ಲೆಯದು, 1904ರಲ್ಲಿ ಬಂತು. ಅದರ ಶಾಸನಗಳಿಗೆ ಗುರುತು ರಾಜನ ಹೆಸರಲ್ಲ, ಇಸವಿಯಲ್ಲ. ತಾಲ್ಲೂಕು ಮತ್ತು ಒಂದು ಸಂಖ್ಯೆ. ಗಂಗರ ದಾನ, ಹೊಯ್ಸಳರ ಅಗ್ರಹಾರ, ವೀರಗಲ್ಲು, ಕೆರೆಯ ಕೆಲಸ ಎಲ್ಲವೂ ಊರಿನ ಹೆಸರಿನಡಿ ಅಕ್ಕಪಕ್ಕ ಕೂತವು. ಇದು ಕಂದಾಯದ ಗಡಿಗಳನ್ನೇ ಇತಿಹಾಸದ ಗಡಿ ಮಾಡಿದ ಸೋಮಾರಿತನ ಎಂದು ಹೇಳಬಹುದು, ಹೇಳಿದರೆ ಸುಳ್ಳೂ ಅಲ್ಲ. ಆಗ ತುರುವೇಕೆರೆ ತಿಪಟೂರಿನಡಿಯ ಉಪತಾಲ್ಲೂಕಾಗಿತ್ತು. 1263ರಲ್ಲಿ ಸೋಮಣ್ಣ ದಂಡನಾಯಕ ಚೆನ್ನಕೇಶವನನ್ನು ನಿಲ್ಲಿಸಿದ ಊರು, ಗಂಗಾಧರೇಶ್ವರನ ಮುಂದೆ ಏಳು ಶತಮಾನವಾದರೂ ನುಣುಪು ಕಳೆಯದ ನಂದಿ ಇರುವ ಊರು, ತಟ್ಟಿದರೆ ಲೋಹದಂತೆ ನುಡಿಯುವ ಕಲ್ಲಿನ ಗಂಟೆ ಇರುವ ಊರು, ತನ್ನದೇ ಹೆಸರಿನ ಪಟ್ಟಿಯಿಲ್ಲದೆ ಮತ್ತೊಂದರ ಲೆಕ್ಕಕ್ಕೆ ಸೇರಿತು. ಆದರೂ ಈ ಕ್ರಮ ಒಂದು ದೊಡ್ಡ ಉಪಕಾರ ಮಾಡಿತು: ಒಂದು ಊರಿನ ಬಗ್ಗೆ ತಿಳಿಯಬಯಸುವವನು ಒಂದೇ ಕಡೆ ಎಲ್ಲ ಕಾಲವನ್ನೂ ನೋಡಬಹುದಾಗಿತ್ತು.

ಇದಕ್ಕೆ ತದ್ವಿರುದ್ಧ ಕ್ರಮ ಎಸ್. ಆರ್. ರಂಗನಾಥನ್ ಅವರದು. 1933ರಲ್ಲಿ ಪ್ರಕಟವಾದ ಅವರ ಕೋಲನ್ ವರ್ಗೀಕರಣ, 1962ರಲ್ಲಿ ಬೆಂಗಳೂರಿನಲ್ಲಿ ಅವರು ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ, ಇವೆರಡೂ ಜಗತ್ತಿನ ಗ್ರಂಥಾಲಯ ಶಾಸ್ತ್ರದಲ್ಲಿ ಗಟ್ಟಿ ಹೆಸರು ಪಡೆದವು. ಯಾವ ವಿಷಯವನ್ನಾದರೂ ಅದರ ಮುಖ್ಯ ವಸ್ತು, ದ್ರವ್ಯ, ಕ್ರಿಯೆ, ದೇಶ, ಕಾಲ ಎಂಬ ಐದು ಮುಖಗಳಲ್ಲಿ ಬಿಡಿಸಿ ಜೋಡಿಸಬಹುದು ಎಂಬುದು ಅವರ ದರ್ಶನ. ತಿಪಟೂರಿನ ಉಂಡೆ ಕೊಬ್ಬರಿಯ ಮೇಲಿನ ಪುಸ್ತಕವನ್ನು ಈ ಸಾಲಿನಲ್ಲಿ ಕೂರಿಸಿದರೆ ತೆಂಗು ಮೊದಲು ಬರುತ್ತದೆ, ಒಣಗಿಸುವುದು ನಡುವೆ, ತಿಪಟೂರು ಬಾಲದಲ್ಲಿ. ರೈಸನ ಕ್ರಮದಲ್ಲಿ ಊರು ಹೆಬ್ಬಾಗಿಲು, ರಂಗನಾಥನ್ ಕ್ರಮದಲ್ಲಿ ಹಿತ್ತಿಲು. ಅದರ ಪ್ರಯೋಜನ ಸ್ಪಷ್ಟ: ತಿಪಟೂರಿನ ತೆಂಗಿನ ಪಕ್ಕದಲ್ಲೇ ಕಾಸರಗೋಡಿನ ತೆಂಗು ಸಿಗುತ್ತದೆ, ಹೋಲಿಕೆ ಇಲ್ಲದೆ ವಿಜ್ಞಾನವಿಲ್ಲ. ಕಳೆದದ್ದೂ ಸ್ಪಷ್ಟ. ಚಿಕ್ಕನಾಯಕನಹಳ್ಳಿಯ ಗುಡ್ಡ ಭೂವಿಜ್ಞಾನದ ಕಪಾಟಿಗೆ, ಅದರ ತಪ್ಪಲಿನ ತೋಟ ಕೃಷಿಯ ಕಪಾಟಿಗೆ, ಅದರ ಗುಡಿ ಶಿಲ್ಪದ ಕಪಾಟಿಗೆ ಹೋದವು. ಗಣಿಯ ಗಲಾಟೆ ಎದ್ದಾಗ ಈ ಮೂರನ್ನೂ ಒಂದೇ ಮೇಜಿನ ಮೇಲೆ ತರಿಸಿ ಓದುವ ಅಭ್ಯಾಸ ಯಾವ ಇಲಾಖೆಗೂ ಇರಲಿಲ್ಲ. ತಪ್ಪು ರಂಗನಾಥನ್ ಅವರದಲ್ಲ, ಐದು ಮುಖಗಳಲ್ಲಿ ದೇಶವನ್ನೂ ಒಂದಾಗಿ ಉಳಿಸಿಕೊಂಡವರೇ ಅವರು. ಬಾಲದಲ್ಲಿದ್ದದ್ದನ್ನು ಹಿಡಿದೆಳೆಯುವ ಕೆಲಸ ನಮ್ಮದಾಗಿತ್ತು.

ಸಾಹಿತ್ಯದ ವಿದ್ವತ್ತಿಗೆ ಬಂದರೆ ಈ ಸೀಮೆ ಎರಡು ದೊಡ್ಡ ಹೆಸರುಗಳನ್ನು ಎತ್ತಿ ತೋರಿಸುತ್ತದೆ. ಬಿ. ಎಂ. ಶ್ರೀಕಂಠಯ್ಯ 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ತೀ. ನಂ. ಶ್ರೀಕಂಠಯ್ಯ 1906ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ, ಹೆಸರಿನ ಮೊದಲಕ್ಷರ ಆ ಊರಿನದೇ. ಹುಟ್ಟಿದ ಊರಿನಿಂದ ಪಾಂಡಿತ್ಯ ಅಳೆಯುವ ಚಟ ನಮ್ಮಲ್ಲಿ ಬಹಳ, ಆದರೆ ಎಳನೀರು ಕುಡಿದದ್ದರಿಂದ ರ‍ಸಸಿದ್ಧಾಂತ ಹೊಳೆಯಿತೆಂದು ನಾನು ಹೇಳಹೊರಟಿಲ್ಲ. ಇಬ್ಬರೂ ದುಡಿದದ್ದು ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ. ನನಗೆ ಬೇಕಾದದ್ದು ಅವರ ವಿಧಾನ. ಬಿಎಂಶ್ರೀ ‘ಇಂಗ್ಲಿಷ್ ಗೀತಗಳು’ ಮಾಡುವಾಗ ಕನ್ನಡದ ಮಾತ್ರೆಗಳ ಗಣಗಳನ್ನು ಬಿಚ್ಚಿ ಮತ್ತೆ ಕಟ್ಟಿದರು. ತೀನಂಶ್ರೀ 1953ರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಅಲಂಕಾರ, ರೀತಿ, ಧ್ವನಿ, ರಸ ಎಂದು ಸಾವಿರ ವರ್ಷದ ಸಂಸ್ಕೃತ ವಾದಗಳನ್ನು ಬೇರ್ಪಡಿಸಿ, ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆಂದು ಕನ್ನಡದ ಓದುಗನಿಗೆ ತಿಳಿಯುವಂತೆ ಇಟ್ಟರು. ಎಲ್ಲವನ್ನೂ ಒಪ್ಪಿ ರಾಶಿ ಹಾಕಲಿಲ್ಲ. ಯಾವ ವಾದ ಗಟ್ಟಿ, ಯಾವುದು ಟೊಳ್ಳು ಎಂದು ಅಲ್ಲಾಡಿಸಿ ನೋಡಿಯೇ ಮುಂದೆ ಹೋದರು.

ತೀನಂಶ್ರೀ ಬಗ್ಗೆ ಒಂದು ಮಾತು ಕರ್ನಾಟಕದಲ್ಲಿ ಚಲಾವಣೆಯಲ್ಲಿದೆ: ‘ರಾಷ್ಟ್ರಪತಿ’ ಎಂಬ ಪದವನ್ನು ಟಂಕಿಸಿದವರು ಅವರೇ ಎಂದು. ಅವರದೇ ಕ್ರಮದಲ್ಲಿ ಈ ಮಾತನ್ನೂ ಅಲ್ಲಾಡಿಸಿ ನೋಡಬೇಕು. ಸಂವಿಧಾನದ ಪಾರಿಭಾಷಿಕ ಪದಗಳನ್ನು ಗೊತ್ತುಮಾಡಲು 1949ರಲ್ಲಿ ದೇಶದ ಭಾಷಾತಜ್ಞರು ಕೂಡಿದಾಗ ಕನ್ನಡದ ಪರವಾಗಿ ಅವರಿದ್ದರು, ಅಲ್ಲಿ ಆ ಪದವನ್ನು ಸೂಚಿಸಿದ ಹಿರಿಮೆಯನ್ನು ಕನ್ನಡಿಗರು ಅವರಿಗೆ ಕೊಡುತ್ತ ಬಂದಿದ್ದಾರೆ. ಆದರೆ ಪದ ಅದಕ್ಕೂ ಹಳೆಯದು. ಕಾಂಗ್ರೆಸ್ಸಿನ ಅಧ್ಯಕ್ಷರನ್ನು ಸ್ವಾತಂತ್ರ್ಯಕ್ಕೆ ಮೊದಲೇ ರಾಷ್ಟ್ರಪತಿ ಎನ್ನುತ್ತಿದ್ದರು, 1937ರಲ್ಲಿ ನೆಹರು ಚಾಣಕ್ಯ ಎಂಬ ಗುಪ್ತನಾಮದಲ್ಲಿ ತಮ್ಮ ಮೇಲೆಯೇ ಬರೆದುಕೊಂಡ ಪ್ರಬಂಧದ ತಲೆಬರಹವೂ ಅದೇ. ಹಾಗಾಗಿ ಹುಟ್ಟಿಸಿದರು ಎಂಬುದು ನಿಲ್ಲುವುದಿಲ್ಲ. ಇದರಿಂದ ಅವರ ಗೌರವ ಕುಗ್ಗುತ್ತದೆಂದು ಮುನಿಸಿಕೊಳ್ಳುವವರಿದ್ದಾರೆ. ನನಗೆ ತೋರುವುದು ತಿರುಗಾಮುರುಗಾ. ಬಳಕೆಯಲ್ಲಿ ಅಡ್ಡಾಡುತ್ತಿದ್ದ ಪದಗಳ ನಡುವಿನಿಂದ, ಒಂದು ಹೊಸ ಹುದ್ದೆಯ ತೂಕ ಹೊರಬಲ್ಲದ್ದನ್ನು ಆರಿಸಿ ಇಡುವುದು ಟಂಕಿಸುವುದಕ್ಕಿಂತ ಕಷ್ಟದ ಕೆಲಸ, ಮತ್ತು ಅದು ನಿಘಂಟಿನ ಕೆಲಸಕ್ಕೂ ವ್ಯಾಕರಣಕ್ಕೂ ಕೈಹಾಕಿದ್ದ ಪಂಡಿತನಿಗೆ ಒಪ್ಪುವ ಕೆಲಸ.

ಇಂದು ತಿಪಟೂರಿನ ಮಾರುಕಟ್ಟೆಯಲ್ಲಿ ಟೆಂಡರು ಕಂಪ್ಯೂಟರಿನ ಪರದೆಯ ಮೇಲೆ ನಡೆಯುತ್ತದೆ, ದರ ಕ್ಷಣದಲ್ಲಿ ದೂರದ ಊರುಗಳಿಗೆ ತಲುಪುತ್ತದೆ. ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವಾಗ, 2024ರ ಹಂಗಾಮಿಗೆ ಅದು ಕ್ವಿಂಟಲಿಗೆ 12,000 ರೂಪಾಯಿ ಇತ್ತು, ಕೇಳುವುದು 75 ಮಿಲಿಮೀಟರ್ ಅಡ್ಡಗಲ ಮತ್ತು ನೂರಕ್ಕೆ 7 ಮೀರದ ತೇವ. ನುಸಿ ತಾಗಿ ಕುಗ್ಗಿದ ಕಾಯಿಯ ಕೊಬ್ಬರಿ ರುಚಿಯಲ್ಲಿ ಎಷ್ಟೇ ಚೆನ್ನಾಗಿದ್ದರೂ ಆ ಅಡ್ಡಗಲದ ಅಳತೆಯಲ್ಲಿ ಜಾರಿ ಬಿಡುತ್ತದೆ. ಸಣ್ಣ ಉಂಡೆಗಳು ಬೇರೆ ರಾಶಿಗೆ, ಬೇರೆ ದರಕ್ಕೆ ಹೋಗುತ್ತವೆ. ಅವನ್ನು ಕೊಳ್ಳಲು ಬಂದ ವ್ಯಾಪಾರಿ ಪರದೆಯ ಮೇಲೆ ದರ ಬರೆಯುವ ಮೊದಲು ಚೀಲದೊಳಗೆ ಕೈ ಇಳಿಸಿ, ತಳದಿಂದ ಒಂದು ಉಂಡೆ ತೆಗೆದು, ಮೂಗಿನ ಹತ್ತಿರ ಹಿಡಿಯುತ್ತಾನೆ.